ಸೊಂಟದ ಕೆಳಗಿನ ಕಿಸೆ

ಹೆಣೆದ ಅಂಗಿ ಬೇರೆ, ನೇಯ್ದ ಅಂಗಿ ಬೇರೆ.
ನೇಯ್ದದ್ದು ಹರಿಯುತ್ತದೆ, ಹೆಣೆದದ್ದು ಬಿಚ್ಚಿಕೊಳ್ಳುತ್ತದೆ:
ನಾನು ಕಸ್ಟಮ್ಸಿಗೆ ಸೇರಿದ ವಾರ ಸೈಲ್ ಸಾಹೇಬರು
ತಮ್ಮದೇ ಬನಿಯನ್ನಿನ ಅಂಚು ಎಳೆದು ತೋರಿಸಿದ್ದರು.

ಸೆಂಟಿಮೀಟರಿಗೆ ಹತ್ತು ಕುಣಿಕೆ,
ಅಡ್ಡಕ್ಕೂ ಹತ್ತು, ಉದ್ದಕ್ಕೂ ಹತ್ತು;
ಕಡಿಮೆ ಬಿತ್ತೋ, ಅದು ಶರ್ಟಲ್ಲ.
ಬುಡದಲ್ಲಿ ಬಿಗಿಯುವ ಪಟ್ಟಿ ಇದ್ದರೆ ಶರ್ಟಲ್ಲ.
ಸೊಂಟದ ಕೆಳಗೆ ಕಿಸೆ ಇದ್ದರೂ ಶರ್ಟಲ್ಲ.
ತೋಳೇ ಇಲ್ಲದಿದ್ದರೆ ಕೇಳುವುದೇ ಬೇಡ.
ಬಲದ ಮೇಲೆ ಎಡ ಬಂದರೆ ಗಂಡಸು,
ಎಡದ ಮೇಲೆ ಬಲ ಬಂದರೆ ಹೆಂಗಸು.
"ಲೋಕ ಹೀಗೆ ಗುಂಡಿ ಹಾಕಿಕೊಂಡು ಬರುತ್ತದೆ,
ಬಿಚ್ಚಿ ನೋಡುವುದು ನಮ್ಮ ನೌಕರಿ"
ಎಂದು ನಕ್ಕು ಕಿಟಕಿಯಾಚೆ ಎಲೆಯಡಿಕೆ ಉಗುಳುತ್ತಿದ್ದರು.

ಬೈತಖೋಲದ ನಮ್ಮ ಬಂದರಿಗೆ ಅಂಗಿ ಎಲ್ಲಿಂದ ಬರಬೇಕು!
ಬರುವುದು ಡಾಂಬರು, ಹೋಗುವುದು ಕಾಕಂಬಿ.
ಎಳೆ ಎಣಿಸುವ ಮಸೂರ ಮೇಜಿನ ಖಾನೆಯಲ್ಲಿ
ಅರಗಿನ ಕಡ್ಡಿಗಳ ಪಕ್ಕ ಕಿಲುಬು ಹಿಡಿದಿತ್ತು.
ಹನ್ನೊಂದು ವರ್ಷದಲ್ಲಿ ನಾನು ಎಣಿಸಿದ್ದು
ಒಂದೇ ಒಂದು ಅಂಗಿ.

ಅದು ಆಗಸ್ಟ್. ದೋಣಿಗಳು ಆಗಷ್ಟೇ ಕಡಲಿಗಿಳಿದಿದ್ದವು.
ದೇವಗಡದ ದೀಪದ ಹಿಂದೆ ಬಲೆಗೆ ಸಿಕ್ಕವನನ್ನು ಎಳೆದು ತಂದಿದ್ದರು.
ಮುಖ ಮೀನಿಗೆ ಹೋಗಿತ್ತು. ಕೈಮೇಲೆ ಹಚ್ಚೆ ಇರಲಿಲ್ಲ.
ಉಲ್ಲಾಸ ಹರಿಕಂತ್ರ, ಠಾಣೆಯ ಪೇದೆ,
ಪ್ಲಾಸ್ಟಿಕ್ ಚೀಲ ಹಿಡಿದು ಬಾಗಿಲಲ್ಲಿ ನಿಂತ:
"ಮೇಡಮ್, ನೀವು ಬಟ್ಟೆ ಓದ್ತೀರಂತೆ.
ಇವ ಯಾವ ದೇಶದವ, ಅಂಗಿ ನೋಡಿ ಹೇಳ್ತೀರಾ?"

ಫ್ಯಾನು ಆರಿಸಿ ಹಳೇ ಪತ್ರಿಕೆಯ ಮೇಲೆ ಹರವಿದೆ.
ಉಪ್ಪು ಒಣಗಿ ಹಪ್ಪಳದ ಹಾಗೆ ನಿಂತಿತ್ತು ಬಟ್ಟೆ.
ಕಾಲರು ಇದೆ: ಟೀ ಶರ್ಟಲ್ಲ.
ಮೂರು ಗುಂಡಿಯ ಜಾಗ, ಗುಂಡಿ ಎರಡು; ಬಲದ ಮೇಲೆ ಎಡ.
ಎದೆಯ ಮೇಲೆ ಹತ್ತು ಸೆಂಟಿಮೀಟರಿನ ಚೌಕ ಬರೆದು
ಬಗ್ಗಿ ಎಣಿಸಿದೆ, ನೂರ ನಲವತ್ತು.
ತಿರುಗಿಸಿ ಎಣಿಸಿದೆ, ನೂರ ಮೂವತ್ತೆಂಟು.
ಮಸೂರದೊಳಗೆ ಒಂದೊಂದು ಕುಣಿಕೆಯೂ
ಪಕ್ಕದ್ದರ ಕುತ್ತಿಗೆ ಹಿಡಿದುಕೊಂಡಿತ್ತು.

ಕೊರಳ ಚೀಟಿಯಲ್ಲಿ ಬಾಂಗ್ಲಾದೇಶ ಎಂದಿತ್ತು.
ಉಲ್ಲಾಸ ಪೆನ್ನು ತೆಗೆದ.
ತಡಿ ಮಾರಾಯ, ಎಂದೆ, ಅದು ಅಂಗಿ ಹುಟ್ಟಿದ ಊರು.
ನಿನ್ನ ಬನಿಯನ್ನು ತಿರುಪೂರಿನದು,
ನೀನು ಮಾಜಾಳಿಯವ.

ಅಷ್ಟರಲ್ಲಿ ಬೆರಳಿಗೆ ಸಿಕ್ಕಿತು ಕಿಸೆ.
ಎದೆಯಲ್ಲಲ್ಲ. ಒಳಮಗ್ಗುಲಲ್ಲಿ, ಸೊಂಟಕ್ಕೂ ಕೆಳಗೆ,
ಬೇರೆ ಬಟ್ಟೆಯದು, ಹೂವಿನ ಪರದೆಯ ತುಂಡಿರಬೇಕು,
ಬಲೆ ಹೆಣೆಯುವ ನೈಲಾನಿನಲ್ಲಿ ಹೊಲಿದದ್ದು.
ಮೂರು ಬದಿ ಹೊಲಿಗೆ ದಟ್ಟ, ಕೊನೆಯ ಮೂಲೆಯಲ್ಲಿ ಅವಸರ.
ಒಳಗೆ ಚಿಟಿಕೆ ಮರಳು, ಮತ್ತೇನೂ ಇಲ್ಲ.

ನಿಯಮ ಎದ್ದು ನಿಂತಿತು: ಶರ್ಟಲ್ಲ.
ತೊಟ್ಟು ಸವೆದ ಬಟ್ಟೆಯ ಸಾಲಿಗೆ ದೂಡೋಣವೆಂದರೆ
ಅಲ್ಲಿಗೆ ಮೂಟೆಯಲ್ಲಿ ಬರಬೇಕು,
ಒತ್ತಿ ಕಟ್ಟಿದ ಬೇಲಿನಲ್ಲಿ, ನೂರಾರು ಜನರ ಬೆವರಿನ ಜೊತೆ.
ಒಂಟಿ ಹಳೆಯಂಗಿಗೆ ಅಲ್ಲಿ ಬಾಗಿಲಿಲ್ಲ.

ಸದಾಶಿವಗಡಕ್ಕೆ, ಸೈಲ್ ಸಾಹೇಬರಿಗೆ ಫೋನು ಮಾಡಿದೆ.
ಬಹಳ ಹೊತ್ತು ಸುಮ್ಮನಿದ್ದರು. ಹಿಂದೆ ಕುಕ್ಕರಿನ ಸೀಟಿ.
"ಕಿಸೆ ಕಾರ್ಖಾನೆಯದೋ, ಕೈಯದೋ?"
ಕೈಯದು.
"ಅಂಗಿ ಅಂತ ಬರಿ. ಸುಂಕ ಯಾರಿಗೆ ಹಾಕ್ತೀ?"

ಬರೆದೆ: ಗಂಡಸಿನ ಅಂಗಿ, ಹೆಣೆದದ್ದು, ಹತ್ತಿ,
ಮಾಸಿದ ನೀಲಿ, ನಗ ಒಂದು.
ಬೆಲೆಯ ಜಾಗದಲ್ಲಿ ಗೆರೆ ಎಳೆದೆ.
ಉಲ್ಲಾಸ ಮಡಿಸಿ ಚೀಲಕ್ಕೆ ಹಾಕುತ್ತ ಕೇಳಿದ,
"ಕಿಸೆ ಬರೀಲಿಲ್ವಲ್ಲ ಮೇಡಮ್?"

ಕಾಗದ ಈಚೆ ತೆಗೆದುಕೊಂಡು ಷರಾದಲ್ಲಿ ಸೇರಿಸಿದೆ:
ಒಳಗಡೆ ಒಂದು ಕಿಸೆ, ಹೂವಿನ ಬಟ್ಟೆ, ಕೈಹೊಲಿಗೆ.
ಹೊಲಿದವರು ನೋಡಿದರೆ ಗುರುತಿಸುತ್ತಾರೆ.