ಮಂಗಳವಾರ ಗಂಡಸರದು

ಮೊದಲ ವಾರ ಹೆಣ್ಣೋ ಗಂಡೋ ಯಾರೂ ಕೇಳಲಿಲ್ಲ.
ಬಾಗಿಲು ಎತ್ತಿದ್ದೇ ತಡ, ನುಗ್ಗಿದರು,
ತಳ್ಳುಗಾಡಿಯ ಚಕ್ರಕ್ಕೆ ಚಕ್ರ ಸಿಕ್ಕಿಕೊಂಡು
ಅಕ್ಕಿಯ ಸಾಲಿನಲ್ಲೇ ಹತ್ತು ನಿಮಿಷ ಜಗಳ.
ಹಲ್ಲಿನ ಡಾಕ್ಟರು ಕೊಂಡದ್ದು ನಲವತ್ತು ಡಬ್ಬಿ ಹಾಲು;
ಅವರ ಮನೆಯಲ್ಲಿ ಹಾಲು ಕುಡಿಯುವುದು ಒಂದು ಬೆಕ್ಕು.
ಶಾಲೆಯ ಮೇಡಂ ಇಪ್ಪತ್ತೆರಡು ಬಾಟಲಿ ಬ್ಲೀಚು,
ಒಂದು ಚಾಕೊಲೇಟು. ಅದನ್ನು ಅಲ್ಲೇ ಬಿಚ್ಚಿ ತಿಂದರು,
ಬಿಲ್ಲಾಗುವ ಮುಂಚೆಯೇ, ಅಳುತ್ತಾ.
ಬರಿಯ ಕಾಗದವನ್ನು ಸ್ಕ್ಯಾನ್ ಮಾಡಿದೆ.

ಪನಾಮಾದ ಚಿತ್ರೆ ಪಟ್ಟಣ, ಮೂರನೆಯ ಗಲ್ಲಾ. ಹೆಸರು ನಿವಿಯಾ,
ಎದೆಯ ಪಟ್ಟಿಯಲ್ಲಿ ತಪ್ಪಾಗಿ ನಿಡಿಯಾ.
ಹನ್ನೊಂದು ವರ್ಷವಾಯಿತು, ತಿದ್ದಿಸಿಲ್ಲ.

ಆಮೇಲೆ ಸರ್ಕಾರ ವಾರವನ್ನು ಸೀಳಿತು.
ಸೋಮ ಬುಧ ಶುಕ್ರ ಹೆಂಗಸರು,
ಮಂಗಳ ಗುರು ಗಂಡಸರು.
ಗುರುತಿನ ಚೀಟಿಯ ಕೊನೆಯ ಅಂಕಿ ಯಾವುದೋ
ಆ ಗಂಟೆಗೆ ಮನೆ ಬಿಡಬೇಕು.
ನನ್ನದು ನಾಲ್ಕು.

ಮಂಗಳವಾರ ಬಂದರು ಗಂಡಸರು,
ಓದದೆ ಪರೀಕ್ಷೆಗೆ ಬಂದ ಹುಡುಗರ ಹಾಗೆ.
ಒಬ್ಬೊಬ್ಬರ ಕೈಯಲ್ಲೂ ಫೋನು, ಫೋನಿನಲ್ಲಿ ಹೆಂಡತಿ.
"ಸೊಪ್ಪು ಎರಡು ಥರ ಇದೆ, ಯಾವುದೇ?"
"ಉದ್ದ ಎಲೆ. ಅಂಚು ಗರಗಸದ ಹಾಗೆ. ಮೂಸಿ ನೋಡಿ."
"ಮಾಸ್ಕ್ ಹಾಕಿದ್ದೀನಲ್ಲೇ!"
ಕಣ್ಣು ಮುಚ್ಚಿ ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಜೋಡಿಸುವ ವೆನ್ಸೆಸ್ಲಾವೊ
ಬಾಳೆಯ ರಾಶಿಯ ಮುಂದೆ ಕಾಲು ಗಂಟೆ ನಿಂತ,
ಕಾಯಿಯೋ ಹಣ್ಣೋ ಎಂಬ ಧರ್ಮಸಂಕಟದಲ್ಲಿ.
ನಗಬಾರದು ಅಂದುಕೊಂಡೆ. ಮಾಸ್ಕಿನೊಳಗೆ ನಕ್ಕೆ.
ಆ ಬಟ್ಟೆಯಿಂದ ಅದೊಂದು ಉಪಕಾರ.

ಆದರೆ ಬರೆದುಕೊಟ್ಟಷ್ಟೇ ಒಯ್ಯುತ್ತಾರೆ ಎಂಬುದು ಸುಳ್ಳು.
ಚೀಟಿಯಲ್ಲಿ 'ತೊಗರಿಕಾಳು ಒಂದು' ಎಂದಿದ್ದರೆ ಎರಡು,
ಯಾಕೆಂದರೆ ಪಕ್ಕದವನು ಎರಡು ತೆಗೆದುಕೊಂಡ.
ಪಕ್ಕದವನು ಯಾಕೆ ಎರಡು? ಇವನು ನೋಡುತ್ತಿದ್ದನಲ್ಲ.
ಹೀಗೇ ಬರಿದಾಗುತ್ತದೆ ಕಪಾಟು,
ಹಸಿವಿನಿಂದಲ್ಲ, ಓರೆಗಣ್ಣಿನಿಂದ.

ಎಲ್ಲವೂ ನನ್ನ ಬೆರಳು ಸವರಿಕೊಂಡೇ ಹೋಗುತ್ತದೆ,
ಅಕ್ಕಿ, ಎಣ್ಣೆ, ಕಾಳು, ಮೀನಿನ ಡಬ್ಬಿ.
ಒಂದನ್ನೂ ನಾನು ಕೊಳ್ಳುವಂತಿಲ್ಲ.
ಹೆಣ್ಣಿಗೆ ಮಂಗಳವಾರ ದುಡಿಯಲು ಉಂಟು, ಕೊಳ್ಳಲು ಇಲ್ಲ.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ,
ನನ್ನ ಕೈಗೆ ಅದು ದಿನಕ್ಕೆ ಎಂಟು ಗಂಟೆ ಬರುತ್ತದೆ.

ದುಡ್ಡು ಎಣಿಸುವಾಗ ವೆನ್ಸೆಸ್ಲಾವೊ
ಒಂದು ಪೊಟ್ಟಣವನ್ನು ನನ್ನ ಕಡೆ ತಳ್ಳಿದ.
"ಬೇಡ, ಬೈತಾಳೆ. ಒಂದೇ ಅಂದಿದ್ದಳು."
ಅಂಗಡಿಯ ಕೊನೆಯ ತೊಗರಿ ಅದು.
ಬಿಟ್ಟ ಸಾಮಾನು ಕಪಾಟಿಗೆ ಮರಳಬೇಕು, ನಿಯಮ.
ಕಪಾಟಿಗೇ ಇಟ್ಟೆ. ಯಾವ ಕಪಾಟು ಎಂದು ನಿಯಮದಲ್ಲಿಲ್ಲ.
ಒಂಬತ್ತನೆಯ ಸಾಲಿನ ತುದಿಯಲ್ಲಿ
ಬಲೂನು, ಕಾಗದದ ಟೋಪಿ, ಹುಟ್ಟುಹಬ್ಬದ ಮೇಣದಬತ್ತಿ.
ಈ ಏಪ್ರಿಲ್‌ನಲ್ಲಿ ಯಾರಿಗೂ ವಯಸ್ಸಾಗುತ್ತಿಲ್ಲ.
ಏಳರ ಅಂಕಿಯ ಬತ್ತಿಗಳ ಹಿಂದೆ ಮಲಗಿಸಿದೆ.

ಬುಧವಾರ ನಾಲ್ಕಕ್ಕೆ ಗಿರಾಕಿಯಾಗಿ ಬಂದೆ.
ನೆಲದ ಹಳದಿ ವೃತ್ತದಲ್ಲಿ ನಿಂತೆ, ಬಿಸಿಲಲ್ಲಿ.
ದಿನಾ ಬೆಳಿಗ್ಗೆ ನಮಸ್ಕಾರ ಹೇಳುವ ಕಾವಲಿನ ದೀದಿಮೊ
ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದ, ಗುರುತಿಲ್ಲದವನ ಹಾಗೆ.
"ಓ," ಅಂದ, "ನಿವಿಯಾನಾ?"

ಒಂಬತ್ತನೆಯ ಸಾಲು. ಏಳರ ಹಿಂದೆ ಕೈ ಹಾಕಿದೆ.
ಇತ್ತು.
ಅದರ ಮಗ್ಗುಲಲ್ಲಿ ಯೀಸ್ಟಿನ ಪೊಟ್ಟಣ,
ಮಗುವಿನ ಹಾಲಿನಪುಡಿಯ ಡಬ್ಬಿ ಒಂದು.
ಐದರ ಹಿಂದೆ ಎರಡು ಸಾಬೂನು.
ಮೂರರ ಹಿಂದೆ ಜ್ವರದ ಮಾತ್ರೆ,
ಕೂದಲಿಗೆ ಹಚ್ಚುವ ಬಣ್ಣ, ತಾಮ್ರಗೆಂಪು.
ಎರಡನೆಯ ಗಲ್ಲಾದ ಜೊರೈದಾಳ ಬೈತಲೆ ಬೆಳ್ಳಗಾಗಿದ್ದನ್ನು
ನಿನ್ನೆಯಷ್ಟೇ ನೋಡಿದ್ದೆ.

ನನ್ನದನ್ನು ಎತ್ತಿಕೊಂಡೆ.
ಹಾಲಿನಪುಡಿಯ ಡಬ್ಬಿ ಇಣುಕುತ್ತಿತ್ತು.
ಅದರ ಮುಂದಕ್ಕೆ ಒಂದು ಎಂಟನ್ನು ಸರಿಸಿ,
ಸಾಲದೆಂದು ಟೋಪಿಯೊಂದನ್ನು ಒರಗಿಸಿ,
ಹೋಗಿ ಸಾಲಿನಲ್ಲಿ ನಿಂತೆ.