ಪರದೆಯ ಹಿಂದಿನ ಕಡೆ

ಪೂವಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ.
ಟೀವಿಯ ಮುಂದೆ ಅವಳು ಕೂರುವುದು
ಒಳ್ಳೆಮೆಣಸಿನ ಕದಿರು ಬಿಡಿಸಲು
ಅಲ್ಲಿ ಒಂದಿಷ್ಟು ಬೆಳಕಿದೆ ಎಂದು.

ಸಂಜೆ ಆರೂವರೆಗೆ ಮೊಮ್ಮಗಳು ಜಷ್ಮಿಯ ಕಾರ್ಟೂನು.
ಒಂದು ಸಂಸಾರ: ಮೂಲಂಗಿ ಮೂಗಿನ ಅಪ್ಪ,
ಏಣಿಯಂಥ ಅಮ್ಮ, ಮೂರು ಮಕ್ಕಳು,
ಯಾರಿಗೂ ವಯಸ್ಸಾಗುವುದಿಲ್ಲ,
ಎಂಟು ವರ್ಷದಿಂದ ದೊಡ್ಡವನು ಮೂರನೇ ಕ್ಲಾಸಿನಲ್ಲೇ ಇದ್ದಾನೆ.
ಮಾತು, ಮಾತು, ಬರೀ ಮಾತು.
ನಗುವ ಜನರನ್ನೂ ಅವರೇ ಒಳಗೆ ಇಟ್ಟುಕೊಂಡಿದ್ದಾರೆ.
ಜಷ್ಮಿ ಬಿದ್ದು ಬಿದ್ದು ನಗುವಾಗ
'ಏನಂತೆ?' ಎಂದು ಪೂವಕ್ಕ ಗಲ್ಲ ಎತ್ತುತ್ತಾಳೆ.
'ಆಮೇಲೆ' ಎಂದು ಹುಡುಗಿ ಕೈ ಬೀಸುತ್ತಾಳೆ.
ಆ ಆಮೇಲೆ ನಮ್ಮ ಮನೆಗೆ ಇನ್ನೂ ಬಂದಿಲ್ಲ.

ಮೊನ್ನೆ ಬುಧವಾರ ಇದ್ದಕ್ಕಿದ್ದಂತೆ
ಆ ಸಂಸಾರದ ಬಣ್ಣ ಹೋಯಿತು. ಮಾತು ನಿಂತಿತು.
ಕಪ್ಪುಬಿಳಿ ಏರಿನ ತುದಿಯಲ್ಲಿ ಮೂವರು ಮಕ್ಕಳು,
ಸೋಪಿನ ಪೆಟ್ಟಿಗೆಗೆ ಚಕ್ರ ಹೊಡೆದ ಬಂಡಿ.
'ಟೀವಿ ಹಾಳಾಯ್ತಾ ಅಜ್ಜ?' ಎಂದಳು ಜಷ್ಮಿ.
ಪೂವಕ್ಕನ ಕೈಯ ಕದಿರು ಕೈಯಲ್ಲೇ ಉಳಿಯಿತು.

ಬ್ರೇಕು ಇನ್ನೂ ಕಿತ್ತು ಬಂದಿಲ್ಲ, ಅವಳು ನಕ್ಕಳು.
ಪೊಲೀಸಿನವ ಇನ್ನೂ ಮೂಲೆಯಲ್ಲಿ ಮೂಡಿಲ್ಲ,
ಎರಡು ಬೆರಳಲ್ಲಿ ಮೀಸೆ ತಿರುವಿದಳು. ಮೂಡಿದ.
ಹಣೆಯ ಮೇಲೆ ಕೊಂಬು ಇಟ್ಟಳು.
ಆಡು ಬಂದು ಬಂಡಿಗೆ ಹಾರಿತು.
ಜಷ್ಮಿ ಟೀವಿ ಬಿಟ್ಟು ಅವಳನ್ನೇ ನೋಡಿದಳು.
'ಪೂವಜ್ಜಿಗೆ ಹೇಗೆ ಗೊತ್ತು?'

ಹೇಗೆ ಅಂದರೆ, ಪಾಲಿಬೆಟ್ಟ ಮಗೂ.
ನಮ್ಮಪ್ಪ ದೇರಣ್ಣ ಕ್ಲಬ್ಬಿನ ಅಡುಗೆಯವ.
ಡಿಸೆಂಬರಿನ ಒಂದು ರಾತ್ರಿ ದೊರೆಮಕ್ಕಳಿಗೆ
ಕೇಕು, ಬಲೂನು, ಹುಲ್ಲಿನ ಮೇಲೆ ಬಿಗಿದು ಕಟ್ಟಿದ ಬಿಳಿ ಪರದೆ,
ಮೈಸೂರಿನಿಂದ ಜೀಪಿನಲ್ಲಿ ಬಂದ ಯಂತ್ರ.
ಕುರ್ಚಿಗಳೆಲ್ಲ ಪರದೆಯ ಆ ಕಡೆ.
ಈ ಕಡೆ, ಸಿಲ್ವರ್ ಓಕಿನ ಬುಡದಲ್ಲಿ ನಾವು:
ಅಡುಗೆಯವನ ಮಕ್ಕಳು, ಮಾಲಿಯ ಮಕ್ಕಳು,
ಲೈನುಮನೆಯ ಯರವರ ಹುಡುಗ ಚೋಮ, ಎರಡು ನಾಯಿ.
ಮಂಜಿಗೆ ನೆನೆದ ಬಟ್ಟೆ, ಚಿತ್ರ ಎರಡೂ ಕಡೆ ಮೂಡುತ್ತಿತ್ತು.
ನಮ್ಮದು ತಿರುಗುಮುರುಗು, ಅಷ್ಟೇ.
ನಡುನಡುವೆ ಬರುವ ಅಕ್ಷರ ಉಲ್ಟಾ;
ನೆಟ್ಟಗಿದ್ದರೂ ಓದುವವರು ಯಾರಿದ್ದರು?

ಮಾತೇ ಇಲ್ಲದ ಆಟ.
ನಮಗೆ ಕೇಳದ್ದು ಅವಳಿಗೂ ಕೇಳಲಿಲ್ಲ,
ಅವತ್ತೊಂದು ರಾತ್ರಿ ಲೆಕ್ಕ ಸಮ.
ಅವಳ ನಗು ಮಾತ್ರ ಆ ಕಡೆಗೂ ಕೇಳಿರಬೇಕು,
ಪರದೆ ಸರಿಸಿ ಒಂದು ದೊರೆಮಗು ಇಣುಕಿತು,
ಕೆನ್ನೆಗೆ ಕೇಕು ಮೆತ್ತಿಕೊಂಡು.
ಅರೆಗಳಿಗೆ ಆಡು, ಬಂಡಿ, ಪೊಲೀಸು ಎಲ್ಲ
ಅದರ ಮುಖದ ಮೇಲೆ ಓಡಿತು.

ಇಷ್ಟು ಹೇಳುವಷ್ಟರಲ್ಲಿ ಟೀವಿಯ ಬಂಡಿ
ಬಲಕ್ಕೆ ತಿರುಗಿ ಹಿಟ್ಟಿನಂಗಡಿಗೆ ನುಗ್ಗಿತು.
ಪೂವಕ್ಕ ಎದ್ದೇ ನಿಂತಳು. ಮೆಣಸು ನೆಲದ ತುಂಬ ಉರುಳಿತು.
ಎಡಗೈ ಬೀಸಿದಳು: ಎಡಕ್ಕೆ! ಎಡಕ್ಕೆ!
ಕಳ್ಳರು! ಕದಿಯುವುದಾದರೆ
ಸರಿಯಾಗಿ ಕದಿಯಬಾರದೇ!

ಅರವತ್ತು ವರ್ಷ ಆ ಬಂಡಿ
ಅವಳೊಳಗೆ ಎಡಕ್ಕೇ ತಿರುಗಿದೆ.
ಹೇಳಬಹುದಿತ್ತು ನಾನು, ಅಕ್ಕಾ,
ತಪ್ಪು ಅವರದಲ್ಲ, ನಾವು ಕೂತ ಜಾಗದ್ದು.
ಅದಕ್ಕೆ ಕೈಸನ್ನೆ ನನಗೆ ಗೊತ್ತಿಲ್ಲ.
ಗೊತ್ತಿದ್ದರೂ.

ಜಷ್ಮಿ ಒಳಗೆ ಹೋದಳು.
ಬಚ್ಚಲಿನ ಕನ್ನಡಿಯನ್ನು ಮೊಳೆ ಸಮೇತ ಕಿತ್ತು ತಂದು
ಕುರ್ಚಿಗೆ ಆನಿಸಿಟ್ಟಳು.
ರಿಮೋಟು ಒತ್ತಿ ಬಂಡಿಯನ್ನು ಏರಿನ ತುದಿಗೆ ವಾಪಸು ಕಳಿಸಿದಳು.

ಈಗ ಮೂವರೂ ಟೀವಿಗೆ ಬೆನ್ನು ಹಾಕಿ ಕೂತಿದ್ದೇವೆ.
ನನ್ನ ಶೇವಿಂಗ್ ಸೋಪಿನ ಕಲೆಗಳ ನಡುವೆ
ಬಂಡಿ ಹೊರಟಿತು. ಪೊಲೀಸು. ಆಡು.
ತಿರುವು ಬಂತು.
ಪೂವಕ್ಕ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು,
ಏನಾಗುತ್ತದೆಂದು ಗೊತ್ತಿದ್ದೂ.