ಒಳಮಡಿಕೆ

ಮೊದಲ ಸಲ ಕಟ್ಟಿದ್ದು ಎಂಟು ವೀಡಿಯೊ,
ಒಂದೊಂದೂ ನಲವತ್ತು ನಿಮಿಷ.
ದ್ವೀಪದ್ವೀಪಗಳ ದಾದಿಯರಿಗೆ ಅಂಕಿಸಂಖ್ಯೆಯ ಪಾಠ.
ಸುವಾದ ಸ್ಟುಡಿಯೊದಲ್ಲಿ ರವಿನೇಶ್ ಮೂರು ದೀಪ ಹಚ್ಚಿ
"ಸ್ವಲ್ಪ ನಗಿ ಮೇಡಂ" ಎಂದ.
ನಕ್ಕೆ. ಕಿವಿಯ ಮೇಲೆ ದಾಸವಾಳ ಬೇರೆ ಸಿಕ್ಕಿಸಿಕೊಂಡಿದ್ದೆ.

ಎರಡನೇ ವಾರ ಅಬೆಮಾಮಾದಿಂದ ಟೆರೇತಿಯಾ ಬರೆದಳು:
"ನಿಮ್ಮ ಪಾಠ ಮೂರು ದಿನದಿಂದ ಬರುತ್ತಲೇ ಇದೆ.
ಸದ್ಯಕ್ಕೆ ನೀವು ಬಾಯಿ ತೆರೆದಿದ್ದೀರಿ.
ಮುಂದೇನು ಹೇಳುತ್ತೀರೆಂದು
ಇಲ್ಲಿ ಎಲ್ಲರಿಗೂ ಕುತೂಹಲ."

ಇನ್ನೊಂದು ಟೊಂಗರೇವಾದ ಮೆರೆಯಾನಾಳದು:
"ಶುಕ್ರವಾರ ರಾತ್ರಿ ಹನ್ನೊಂದು ಐವತ್ತೊಂಬತ್ತು ಎಂದಿದ್ದೀರಿ.
ಯಾರ ಶುಕ್ರವಾರ?"
ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟು, ಗೆರೆ ದಾಟಿ, ಎಣಿಸಿದೆ.
ನನ್ನ ಶುಕ್ರವಾರ ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ
ಅವಳ ಶುಕ್ರವಾರಕ್ಕೆ ಇನ್ನೂ ಕೋಳಿ ಕೂಗಿರುವುದಿಲ್ಲ.

ನನ್ನಮ್ಮ ಲಬಾಸಾದಲ್ಲಿ ಶಾಲೆಯ ಬಟ್ಟೆ ಹೊಲಿಯುತ್ತಿದ್ದಳು.
ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಕ್ಕೆ ಮಡಚಿ ಬಿಡುವಳು.
ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ,
ಮಕ್ಕಳ ಕಾಲು ದಿನಾ ಬೆಳೆಯುತ್ತದೆ, ಅನ್ನುವಳು.
ಜನವರಿಗೊಂದು ಮಡಿಕೆ ಬಿಚ್ಚಿದರೆ
ಬಣ್ಣ ಮಾಸದ ಪಟ್ಟಿಯೊಂದು ಕೆಳಗೆ ಇಣುಕುವುದು.
ನನ್ನ ನೀಲಿ ಲಂಗಕ್ಕೆ ಅಂಥವು ಮೂರಿದ್ದವು.
ಆಗ ನಾಚಿಕೆಯಾಗುತ್ತಿತ್ತು.

ಕತ್ತರಿ ಹಿಡಿದೆ. ಮೊದಲು ದಾಸವಾಳ ಹೋಯಿತು,
ಆಮೇಲೆ ಮುಖ. ಉಳಿದದ್ದು ದನಿ, ಮೂರೇ ನಿಮಿಷ,
ಸೋಲಾರ್ ಫಲಕಕ್ಕೆ ಮೋಡ ಕವಿಯುವ ಮುಂಚೆ
ಇಳಿದು ಬಿಡುವಷ್ಟು.
ಚಿತ್ರಗಳೆಲ್ಲ ಪೆನ್‌ಡ್ರೈವಿನಲ್ಲಿ, ಪೆನ್‌ಡ್ರೈವು ಪ್ಲಾಸ್ಟಿಕ್ ಚೀಲದಲ್ಲಿ,
ಅಕ್ಕಿ ಮೂಟೆಗಳ ಜೊತೆ ಹಡಗು ಹತ್ತಿದವು.
ಗಡುವು ಇದ್ದ ಕಡೆ ಬರೆದೆ:
ಕೂಸುಗಳ ತೂಕ ನೋಡುವ ಕೆಲಸ ಮುಗಿದ ಮೇಲೆ;
ನಿಮ್ಮ ದಿನ ನೀವೇ ಹೇಳಿ.

ಡೀನ್ ಕನ್ನಡಕ ತೆಗೆದರು. "ಇಷ್ಟು ಸಡಿಲ ಬಿಟ್ಟರೆ
ಕಳಚಿ ಬೀಳುವುದಿಲ್ಲವೆ?"
ಹೊಲಿಗೆ ಬಿಗಿಯಾಗಿಯೇ ಇದೆ ಸಾರ್, ಎಂದೆ,
ಒಳಗೆ ಮಡಿಕೆ ಇದೆ, ಅಷ್ಟೆ.
ಪರೀಕ್ಷೆಯ ಪ್ರಶ್ನೆ ಒಂದೂ ಕಡಿಮೆಯಾಗಿಲ್ಲ.
ಅವರಿಗೆ ಅರ್ಥವಾಯಿತೋ, ಊಟದ ಹೊತ್ತಾಗಿತ್ತೋ,
ಸಹಿ ಹಾಕಿದರು.

ಹಿಗ್ಗಿದ್ದೆ. ಮೆರೆಯಾನಾ ಮಾತ್ರ ಏನೂ ಕಳಿಸಲಿಲ್ಲ.
ಒಂದು ತಿಂಗಳು. ಎರಡು.
ಕೊನೆಗೆ ಫೋನಿನಲ್ಲಿ, ಗೊರಗೊರ ಸದ್ದಿನ ನಡುವೆ:
"ತಾರೀಖಿಲ್ಲದಿದ್ದರೆ ನಾನು ಏಳುವವಳಲ್ಲ ಮೇಡಂ.
ನನ್ನ ಶುಕ್ರವಾರ ನನಗೆ ವಾಪಸ್ ಕೊಡಿ."
ಕೊಟ್ಟೆ, ಅವಳ ಊರಿನ ಶುಕ್ರವಾರವನ್ನೇ.
ನನಗದು ಶನಿವಾರ, ಬೆಳಿಗ್ಗೆ ಆರು.
ಚಹಾ ಕುದಿಯುತ್ತಿರುವಾಗ ಫೋನು ಮಾಡುತ್ತೇನೆ:
"ಎದ್ದೆಯಾ?"

ಟೆರೇತಿಯಾಳ ಉತ್ತರ ಹಡಗಿನಲ್ಲೇ ಬಂತು,
ಹಾಲಿನ ಪುಡಿಯ ರಟ್ಟಿನ ಮೇಲೆ, ಪೆನ್ಸಿಲ್ಲಿನಲ್ಲಿ;
ಗೆರೆಯಿಂದಾಚೆ ಒಂದು ಚುಕ್ಕಿಯೂ ಜಾರಿಲ್ಲ.
ಅಡಿಯಲ್ಲಿ:
"ನಿಮ್ಮ ಲೆಕ್ಕದಲ್ಲಿ ರೈಲು ಬರುತ್ತದೆ.
ಇಲ್ಲಿ ರೈಲಿಲ್ಲ, ಹಡಗು ಹಾಕಿಕೊಂಡೆ.
ಎರಡು ವರ್ಷದ ದಾಖಲೆ ತೆಗೆದು ನೋಡಿದೆ.
ಸರಾಸರಿ ಹತ್ತೊಂಬತ್ತು ದಿನಕ್ಕೊಮ್ಮೆ.
ಆದರೆ ಹತ್ತೊಂಬತ್ತನೇ ದಿನ
ಅದು ಒಮ್ಮೆಯೂ ಬಂದದ್ದಿಲ್ಲ.
ಇದನ್ನು ಹೇಗೆ ಬರೆಯಲಿ?"

ಅದು ಏಳನೇ ಪಾಠದ ಪ್ರಶ್ನೆ.
ನಾವಿನ್ನೂ ಮೂರರಲ್ಲಿದ್ದೆವು.
ಏಳನ್ನು ಬಿಚ್ಚಿ ಮೂರಕ್ಕೆ ತಂದೆ, ರೈಲು ತೆಗೆದು ಹಾಕಿದೆ,
ಹೊಸದಾಗಿ ಮೂರು ನಿಮಿಷ ಮಾತಾಡಲು ಕೂತೆ.
"ದೀಪ ಹಚ್ಚಲೇ?" ಕೇಳಿದ ರವಿನೇಶ್.
ಬೇಡ, ಆ ಕಿಟಕಿ ಮುಚ್ಚು ಸಾಕು.
ಮಳೆ ಸದ್ದು ಒಳಗೆ ಬರುತ್ತಿದೆ.